ಕಪ್ಪು ಆಕಾಶದ ಕೆಳಗೊಂದು ಏಕಶಿಲೆ

ಕೇಳುಗರಿಗೆ ನಮಸ್ಕಾರ.

ಇಂದು ನಾನು ಒಂದೇ ಒಂದು ಛಾಯಾಚಿತ್ರದ ಬಗ್ಗೆ ಮಾತನಾಡಬೇಕೆಂದಿದ್ದೇನೆ. ಅದು ಬಣ್ಣವಿಲ್ಲದ ಚಿತ್ರ. ಅದರಲ್ಲಿ ಮನುಷ್ಯರಿಲ್ಲ, ಪ್ರಾಣಿಗಳಿಲ್ಲ, ಮನೆಯಿಲ್ಲ, ದಾರಿಯಿಲ್ಲ. ಇರುವುದು ಒಂದು ಬೃಹತ್ ಬಂಡೆ, ಒಂದಿಷ್ಟು ಹಿಮ ಮತ್ತು ಹೆಚ್ಚುಕಡಿಮೆ ಕಪ್ಪೇ ಆಗಿರುವ ಆಕಾಶ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಯೊಸೆಮಿಟಿ ಕಣಿವೆಯ ಮೇಲೆ, ಕಡಿದಾದ ಬಂಡೆಯೊಂದರ ಅಂಚಿನಲ್ಲಿ ನಿಂತು, 1927ರ ಏಪ್ರಿಲ್ 10ರಂದು ಆನ್ಸೆಲ್ ಆಡಮ್ಸ್ ಅವರು ಅದನ್ನು ತೆಗೆದರು. ಆಗ ಅವರ ವಯಸ್ಸು 25. ಚಿತ್ರದ ಹೆಸರು ‘ಮಾನೊಲಿತ್, ದ ಫೇಸ್ ಆಫ್ ಹಾಫ್ ಡೋಮ್’. ನಮ್ಮ ಮಾತಿನಲ್ಲಿ ‘ಏಕಶಿಲೆ, ಅರೆಗುಮ್ಮಟದ ಮುಖ’ ಎನ್ನಬಹುದು.

ಚಿತ್ರ ನಿಮ್ಮ ಕಣ್ಣ ಮುಂದೆ ಇಲ್ಲದಿರುವುದರಿಂದ ಮೊದಲು ಅದನ್ನು ಮಾತಿನಲ್ಲೇ ಬಿಡಿಸಿಡುತ್ತೇನೆ. ಅಗಲಕ್ಕಿಂತ ಎತ್ತರ ಹೆಚ್ಚಾಗಿರುವ ಚೌಕಟ್ಟು ಅದು. ಬಲಭಾಗವನ್ನೆಲ್ಲ, ಅಂದರೆ ಚಿತ್ರದ ಅರ್ಧಕ್ಕೂ ಹೆಚ್ಚಿನ ಜಾಗವನ್ನು, ಕತ್ತಿಯಿಂದ ಸೀಳಿ ನಿಲ್ಲಿಸಿದಂತಹ ಕಲ್ಲಿನ ಗೋಡೆಯೊಂದು ತುಂಬಿಕೊಂಡಿದೆ. ಗೋಡೆ ನಮಗೆ ಎದುರಾಗಿ ನಿಂತಿಲ್ಲ. ನಾವು ಅದನ್ನು ಪಕ್ಕದಿಂದ, ಓರೆಯಾಗಿ ನೋಡುತ್ತಿದ್ದೇವೆ. ಮಧ್ಯಾಹ್ನ ದಾಟಿದ ಬಿಸಿಲು ಎಡದಿಂದ ಅದರ ಮೈಯನ್ನು ಸವರುತ್ತಾ ಬಂದು, ಒಂದೊಂದು ಸೀಳನ್ನೂ ಒಂದೊಂದು ಉಬ್ಬನ್ನೂ ಎತ್ತಿ ತೋರಿಸುತ್ತಿದೆ. ಮೇಲಿನಿಂದ ಕೆಳಕ್ಕೆ ಕಪ್ಪು ಪಟ್ಟೆಗಳು ಇಳಿದುಬಂದಿವೆ. ಬುಡದಲ್ಲಿ ಹಿಮ ಕೂತಿದೆ. ಎಡಗಡೆ ತೀರ ಕೆಳಗೆ, ಬಹಳ ದೂರದಲ್ಲಿ, ಹಿಮ ಹೊದ್ದ ಬೆಟ್ಟಗಳ ಸಾಲು ಬೆರಳುಗುರಿನಷ್ಟು ಚಿಕ್ಕದಾಗಿ ಕಾಣುತ್ತದೆ. ಉಳಿದದ್ದೆಲ್ಲ ಆಕಾಶ. ಮೋಡವಿಲ್ಲದ ಹಗಲಿನ ಆಕಾಶ ಅದು, ಆದರೆ ಕಾಡಿಗೆಯ ಹಾಗೆ ಕಪ್ಪು.

ಆ ಗೋಡೆಯ ಕಡಿದಾದ ಭಾಗವೊಂದೇ ಸುಮಾರು 600 ಮೀಟರ್ ಎತ್ತರವಿದೆ. ಕಣಿವೆಯ ತಳದಿಂದ ಅಳೆದರೆ ಶಿಖರ 1,400 ಮೀಟರಿಗಿಂತ ಎತ್ತರ. ಭೂಗರ್ಭದಲ್ಲಿ ಕುದಿದ ಶಿಲಾರಸ ಕೋಟ್ಯಂತರ ವರ್ಷಗಳ ಹಿಂದೆ ಅಲ್ಲೇ ನಿಧಾನವಾಗಿ ತಣಿದು ಗಟ್ಟಿಯಾದ, ಗ್ರಾನೈಟ್ ಜಾತಿಯ ಕಲ್ಲು ಅದು. ಮೇಲಿನ ಮಣ್ಣು ಬಂಡೆಗಳೆಲ್ಲ ಸವೆದು ಹೋದಂತೆ ಅದು ಹೊರಗೆ ಬಂದಿತು. ಕಲ್ಲಿನೊಳಗಿದ್ದ ನೆಟ್ಟನೆಯ ಬಿರುಕುಗಳ ಗುಂಟ ಒಂದು ಪಾರ್ಶ್ವ ಕಳಚಿಬಿತ್ತು, ಕೆಳಗೆ ಹರಿದ ಹಿಮನದಿ ಬುಡವನ್ನು ಕೊರೆದು ಹೊತ್ತೊಯ್ದಿತು. ಹೀಗೆ ಒಂದು ಪಕ್ಕ ಗುಂಡಗೆ, ಇನ್ನೊಂದು ಪಕ್ಕ ಸೀಳಿದಂತೆ ಉಳಿದಿರುವುದರಿಂದಲೇ ಅದಕ್ಕೆ ಅರೆಗುಮ್ಮಟವೆಂಬ ಹೆಸರು ಬಂದದ್ದು.

ಈ ಚಿತ್ರವನ್ನು ನಾನು ಮೊದಲು ನೋಡಿದ್ದು ಒಂದು ಹಳೆಯ ಕ್ಯಾಲೆಂಡರಿನಲ್ಲಿ. ಆಗ ನಾನು ನಮ್ಮೂರಿನ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸ ಕಲಿಯುತ್ತಿದ್ದೆ. ಹಿಂದುಗಡೆಯ ಡಾರ್ಕ್‌ರೂಮಿನ ಗೋಡೆಯ ಮೇಲೆ ಯಜಮಾನರು ಆ ಹಾಳೆಯನ್ನು ಮೊಳೆಗೆ ಸಿಕ್ಕಿಸಿದ್ದರು. ಅದರ ತಿಂಗಳು ಎಂದೋ ಮುಗಿದುಹೋಗಿತ್ತು, ಆದರೂ ಅದನ್ನು ತೆಗೆಯಲು ಯಾರಿಗೂ ಬಿಡುತ್ತಿರಲಿಲ್ಲ. ಮದುವೆ ಫೋಟೋಗಳನ್ನು ತೊಳೆಯುವಾಗ ಕೆಂಪು ಬಲ್ಬಿನ ಬೆಳಕಿನಲ್ಲಿ, ಚಿತ್ರ ಅಳಿಯದಂತೆ ನಿಲ್ಲಿಸುವ ಹೈಪೋ ಎಂಬ ದ್ರಾವಣದ ಹುಳಿವಾಸನೆಯ ನಡುವೆ, ನನ್ನ ಕಣ್ಣು ಮತ್ತೆ ಮತ್ತೆ ಆ ಬಂಡೆಯ ಮೇಲೆ ಹೋಗಿ ಕೂರುತ್ತಿತ್ತು.

ಯಜಮಾನರು ನನಗೆ ಹೇಳಿಕೊಟ್ಟ ಮೊದಲ ಪಾಠ ನೆಗೆಟಿವ್ ಓದುವುದು. ನೆಗೆಟಿವನ್ನು ಬೆಳಕಿಗೆ ಹಿಡಿದರೆ ಎಲ್ಲವೂ ತಿರುಗುಮುರುಗು. ಮದುಮಗನ ಬಿಳಿ ಪಂಚೆ ಅಲ್ಲಿ ಕರ್ರಗೆ ದಟ್ಟವಾಗಿರುತ್ತದೆ. ಮದುಮಗಳ ಕರಿಯ ಜಡೆ ಇದ್ದ ಜಾಗ ತೆಳುವಾಗಿ, ಆಚೆಯದು ಕಾಣುವ ಹಾಗೆ ಇರುತ್ತದೆ. ಆ ತೆಳು ಜಾಗದಲ್ಲಿ ಕೂದಲಿನ ಎಳೆಗಳು ಕಾಣುತ್ತವೆಯೋ ಇಲ್ಲವೋ ಎಂಬುದನ್ನು ಅವರು ಭೂತಗನ್ನಡಿ ಹಿಡಿದು ಹುಡುಕುತ್ತಿದ್ದರು. ಅಲ್ಲಿ ಎಳೆಗಳು ಇಲ್ಲದಿದ್ದರೆ ಪ್ರಿಂಟಿನಲ್ಲಿ ಏನು ಮಾಡಿದರೂ ಜಡೆಯೊಂದು ಮಸಿಯ ಮುದ್ದೆಯಾಗುತ್ತದೆ. ‘ಮೊದಲು ಕಪ್ಪನ್ನು ನೋಡು, ಕಪ್ಪಿನೊಳಗೆ ಏನು ಉಳಿದಿದೆ ನೋಡು, ಬಿಳಿಯ ಮಾತು ಆಮೇಲೆ’ ಎನ್ನುತ್ತಿದ್ದರು. ಕಪ್ಪು-ಬಿಳುಪಿನ ಚಿತ್ರಗಳನ್ನು ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿಯನ್ನು ನಾನು ಇದುವರೆಗೆ ಕಂಡಿಲ್ಲ.

ಆ ದಾರಿಯಲ್ಲೇ ಹೋಗಿ ಆಡಮ್ಸ್ ಅವರ ಬಂಡೆಯನ್ನು ನೋಡೋಣ. ಚಿತ್ರದಲ್ಲಿ ಎಲ್ಲಕ್ಕಿಂತ ದಟ್ಟವಾದ ಕಪ್ಪು ಇರುವುದು ಆಕಾಶದಲ್ಲಿ. ಬಂಡೆಯ ನೆರಳುಗಳೂ ಕಪ್ಪಾಗಿವೆ. ಆದರೆ ಆ ಕಪ್ಪಿನೊಳಗೆ ಕಲ್ಲಿನ ಮೈ ಇನ್ನೂ ಉಳಿದಿದೆ, ಸೀಳುಗಳು ಇವೆ, ತೇವದ ಕಲೆಗಳು ಇವೆ. ಆಕಾಶದ ಕಪ್ಪಿನಲ್ಲಿ ಏನೂ ಇಲ್ಲ. ಏನೂ ಇಲ್ಲದ ಕಪ್ಪಿನ ಪಕ್ಕದಲ್ಲಿ ಇಷ್ಟೆಲ್ಲ ಇರುವ ಕಪ್ಪನ್ನು ಇಟ್ಟದ್ದರಿಂದಲೇ ಬಂಡೆಯ ಭಾರ ನಮ್ಮ ಎದೆಗೆ ತಾಗುತ್ತದೆ. ಆಕಾಶ ಬೆಳ್ಳಗಿದ್ದಿದ್ದರೆ ನಮ್ಮ ಕಣ್ಣು ಮೊದಲು ಅಲ್ಲಿಗೇ ಓಡುತ್ತಿತ್ತು, ಏಕೆಂದರೆ ಕಣ್ಣು ಯಾವತ್ತೂ ಬೆಳಕಿನ ಕಡೆಗೇ ಹೋಗುತ್ತದೆ. ಇಲ್ಲಿ ಅದಕ್ಕೆ ಹೋಗಲು ಬೇರೆ ಜಾಗವಿಲ್ಲ. ಬಿಸಿಲು ಬಿದ್ದ ಕಲ್ಲಿಗೇ ಅದು ಮರಳಿ ಬರಬೇಕು.

ಈಗ ನಮಗೆ ಇದು ಸಹಜವೆಂದು ತೋರಬಹುದು. ಆದರೆ ಬೆಟ್ಟಗಳ ಫೋಟೋಗಳಲ್ಲಿ ಆಕಾಶ ಬಹುಕಾಲ ಬೆಳ್ಳಗೇ ಇತ್ತು. ಇದೇ ಯೊಸೆಮಿಟಿಯನ್ನು 1861ರಲ್ಲಿ ಕಾರ್ಲ್‌ಟನ್ ವಾಟ್ಕಿನ್ಸ್ ಎಂಬ ಛಾಯಾಗ್ರಾಹಕರು ದೊಡ್ಡ ದೊಡ್ಡ ಗಾಜಿನ ಹಲಗೆಗಳ ಮೇಲೆ ಸೆರೆಹಿಡಿದಿದ್ದರು. ಆ ಕಣಿವೆಯನ್ನು ಜನರಿಗಾಗಿ ಕಾಪಾಡಬೇಕೆಂದು 1864ರಲ್ಲಿ ಅಧ್ಯಕ್ಷ ಲಿಂಕನ್ ಅವರು ಸಹಿ ಹಾಕಿದ ಕಾನೂನಿನ ಹಿಂದೆ ಆ ಚಿತ್ರಗಳ ಪ್ರಭಾವವೂ ಇತ್ತೆಂದು ಹೇಳುತ್ತಾರೆ. ಅಷ್ಟು ಸೊಗಸಾದ ಆ ಚಿತ್ರಗಳಲ್ಲೂ ಆಕಾಶ ಬರಿಯ ಹಾಳೆಯಂತೆ ಬಿಳುಪು. ಕಾರಣ ಸರಳವಾದದ್ದು. ಆ ಕಾಲದ ರಾಸಾಯನಿಕ ಲೇಪಕ್ಕೆ ನೀಲಿ ಬೆಳಕು ಮಾತ್ರ ಚೆನ್ನಾಗಿ ಕಾಣುತ್ತಿತ್ತು, ಕೆಂಪು ಕಾಣುತ್ತಲೇ ಇರಲಿಲ್ಲ. ನೀಲಿ ಆಕಾಶ ಗಾಜಿನ ಮೇಲೆ ಬೇಗನೆ ತುಂಬಿಕೊಂಡುಬಿಡುತ್ತಿತ್ತು. ನಮ್ಮ ಡಾರ್ಕ್‌ರೂಮಿನಲ್ಲಿ ಕೆಂಪು ಬಲ್ಬು ಉರಿಸಿಕೊಂಡು ನಿರ್ಭಯವಾಗಿ ಪ್ರಿಂಟು ತೊಳೆಯುತ್ತಿದ್ದೆವಲ್ಲ, ಅದೂ ಇದೇ ಕಾರಣದಿಂದ. ಪ್ರಿಂಟ್ ಹಾಕುವ ಕಾಗದಕ್ಕೆ ಕೆಂಪು ಬೆಳಕು ಕತ್ತಲೆಗೆ ಸಮ.

ಆಡಮ್ಸ್ ಅವರ ಕಾಲಕ್ಕೆ ಎಲ್ಲ ಬಣ್ಣಗಳನ್ನೂ ಗ್ರಹಿಸುವ ಪ್ಯಾನ್‌ಕ್ರೊಮ್ಯಾಟಿಕ್ ಪ್ಲೇಟುಗಳು ಬಂದಿದ್ದವು. ಹಾಗೆ ನೋಡಿದರೆ ಕಪ್ಪು ಆಕಾಶ ಸಾಧ್ಯವಾದದ್ದೇ ಆ ಪ್ಲೇಟುಗಳಿಂದ. ಆದರೆ ಸಾಧ್ಯವಾಗುವುದು ಬೇರೆ, ಅದು ಬೇಕೆಂದು ಒಬ್ಬರಿಗೆ ಅನ್ನಿಸುವುದು ಬೇರೆ. ಆ ಏಪ್ರಿಲ್ ದಿನದ ಕಥೆ ಇರುವುದು ಅಲ್ಲಿ.

ಅಂದು ಬೆಳಿಗ್ಗೆ ಆಡಮ್ಸ್ ಅವರು, ಮುಂದೆ ಅವರ ಪತ್ನಿಯಾದ ವರ್ಜೀನಿಯಾ ಬೆಸ್ಟ್ ಮತ್ತು ಕೆಲವು ಗೆಳೆಯರೊಂದಿಗೆ ಹೊರಟರು. ಬೆನ್ನ ಮೇಲೆ ಸುಮಾರು 18 ಕಿಲೋ ತೂಕದ ಹೊರೆ. ಆರೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರದ ಗಾಜಿನ ಪ್ಲೇಟುಗಳನ್ನು ಹಾಕುವ ಮರದ ಕ್ಯಾಮೆರಾ, ಮಸೂರಗಳು, ಫಿಲ್ಟರುಗಳು, ಮೂರುಕಾಲಿನ ಸ್ಟ್ಯಾಂಡು, ಹನ್ನೆರಡು ಪ್ಲೇಟುಗಳು. ಹಿಮ ಬಿದ್ದ ಕಡಿದಾದ ಕೊರಕಲನ್ನು ಹತ್ತಿ ಅವರು ಸೇರಿದ್ದು ಡೈವಿಂಗ್ ಬೋರ್ಡ್ ಎಂದು ಕರೆಯುವ ಬಂಡೆಯ ಚಾಚಿಗೆ. ಕೆಳಗೆ ನೋಡಿದರೆ ಆಳವಾದ ಕಣಿವೆ, ಪಕ್ಕದಲ್ಲಿ ಅರೆಗುಮ್ಮಟದ ಇಡೀ ಗೋಡೆ. ಅಲ್ಲಿಗೆ ಮುಟ್ಟಿದಾಗ ನಡುಹಗಲು; ಗೋಡೆಯ ಅರ್ಧ ಭಾಗ ಇನ್ನೂ ನೆರಳಿನಲ್ಲಿತ್ತು. ಬಿಸಿಲು ಹೊರಳಿ ಗೋಡೆಯ ಮೇಲೆ ಬರುವವರೆಗೂ, ಸುಮಾರು ಎರಡೂವರೆ ಗಂಟೆಯವರೆಗೆ, ಅವರು ಕಾದರು. ದಾರಿಯುದ್ದಕ್ಕೂ ಪ್ಲೇಟುಗಳು ಖರ್ಚಾಗಿದ್ದವು. ಉಳಿದಿದ್ದವು ಎರಡೇ.

ಮೊದಲನೆಯದಕ್ಕೆ ಅವರು ಮಸೂರದ ಮುಂದೆ ಹಳದಿ ಫಿಲ್ಟರ್ ಹಾಕಿ ಚಿತ್ರ ತೆಗೆದರು. ಆ ದಿನಗಳ ರೂಢಿಯದು; ಹಳದಿ ಗಾಜು ನೀಲಿಯನ್ನು ಸ್ವಲ್ಪ ತಡೆದು ಆಕಾಶಕ್ಕೆ ಹದವಾದ ಬೂದುಬಣ್ಣ ಕೊಡುತ್ತದೆ. ಲೆಕ್ಕ ಸರಿಯಾಗಿತ್ತು, ಚಿತ್ರವೂ ಸರಿಯಾಗಿ ಬರುವುದರಲ್ಲಿತ್ತು. ಆದರೆ ಪ್ಲೇಟನ್ನು ಮುಚ್ಚಿದ ಮೇಲೆ ಅವರಿಗೆ ಒಂದು ವಿಷಯ ಹೊಳೆಯಿತೆಂದು ಮುಂದೆ ಅನೇಕ ಬಾರಿ ನೆನೆದಿದ್ದಾರೆ. ಆ ಬಂಡೆಯ ಎದುರಿಗೆ ನಿಂತು ತಮಗಾಗುತ್ತಿರುವ ಅನುಭವ ಆ ಹದವಾದ ಬೂದು ಆಕಾಶದಲ್ಲಿ ಬರಲಾರದು. ತಮ್ಮೊಳಗೆ ಕಾಣುತ್ತಿರುವ ಚಿತ್ರದಲ್ಲಿ ಆಕಾಶ ಕರಿದಾಗಿದೆ, ಹಿಮ ತೀಕ್ಷ್ಣವಾಗಿದೆ, ಬಂಡೆ ಎದ್ದು ನಿಂತಿದೆ. ಆಗ ಕೊನೆಯ ಪ್ಲೇಟಿಗೆ ಅವರು 29ನೇ ಸಂಖ್ಯೆಯ ಕಡುಗೆಂಪು ಫಿಲ್ಟರನ್ನು ಹಾಕಿದರು. ಕೆಂಪು ಗಾಜು ಬಹಳಷ್ಟು ಬೆಳಕನ್ನು ತಿಂದುಹಾಕುವುದರಿಂದ ಹಗಲು ಬೆಳಕಿನಲ್ಲೇ ಐದು ಸೆಕೆಂಡುಗಳ ಕಾಲ ಪ್ಲೇಟನ್ನು ಬೆಳಕಿಗೊಡ್ಡಬೇಕಾಯಿತು. ಐದು ಸೆಕೆಂಡೆಂದರೆ ಒಂದು ದೀರ್ಘ ಉಸಿರು ಎಳೆದು ಬಿಡುವಷ್ಟು ಹೊತ್ತು. ಇನ್ನೊಂದು ಪ್ಲೇಟ್ ಇರಲಿಲ್ಲ.

ಕೆಂಪು ಗಾಜು ಅಲ್ಲಿ ಮಾಡಿದ್ದೇನೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಚಿತ್ರದ ಸೊಗಸು ಅದರಲ್ಲೇ ಅಡಗಿದೆ. ಎತ್ತರದ ಶುಭ್ರ ಗಾಳಿಯಲ್ಲಿ ಆಕಾಶದ ಬೆಳಕು ಹೆಚ್ಚುಪಾಲು ನೀಲಿ. ಕೆಂಪು ಗಾಜು ಆ ನೀಲಿಯನ್ನು ಒಳಗೆ ಬಿಡುವುದಿಲ್ಲ; ಆಕಾಶ ಕಪ್ಪಾಗುತ್ತದೆ. ಆದರೆ ಕೆಲಸ ಅಷ್ಟಕ್ಕೇ ನಿಲ್ಲುವುದಿಲ್ಲ. ಬೆಟ್ಟದ ಮೇಲೆ ನೆರಳಿರುವ ಜಾಗಗಳಿಗೆ ಸೂರ್ಯನ ನೇರ ಬೆಳಕು ಬೀಳುವುದಿಲ್ಲ, ಅವುಗಳಿಗೆ ಸಿಗುವುದು ಆಕಾಶದಿಂದ ಬಂದ ಆ ನೀಲಿ ಬೆಳಕೇ. ಹಾಗಾಗಿ ನೆರಳುಗಳೂ ಆಕಾಶದೊಂದಿಗೇ ಆಳಕ್ಕಿಳಿಯುತ್ತವೆ. ಬಿಸಿಲು ಬಿದ್ದ ಕಲ್ಲು ಮತ್ತು ಹಿಮ ಮಾತ್ರ ತಮ್ಮ ಹೊಳಪನ್ನು ಉಳಿಸಿಕೊಳ್ಳುತ್ತವೆ. ದೂರದ ಬೆಟ್ಟಗಳ ಮೇಲೆ ಕವಿಯುವ ನೀಲಿ ಮಬ್ಬೂ ಕರಗುತ್ತದೆ. ಆದ್ದರಿಂದಲೇ ಎಡಬದಿಯ ಆ ಪುಟ್ಟ ಹಿಮಶಿಖರಗಳು ಅಷ್ಟು ದೂರವಿದ್ದರೂ ಸೂಜಿಮೊನೆಯಂತೆ ಸ್ಪಷ್ಟ. ಒಂದು ತುಂಡು ಬಣ್ಣದ ಗಾಜು ಆಕಾಶ, ನೆರಳು, ಬಂಡೆ, ದಿಗಂತ ಇವುಗಳ ನಡುವಿನ ಸಂಬಂಧವನ್ನೇ ಬದಲಿಸಿತು.

ಇದನ್ನು ಓದಿ ತಿಳಿದ ಉತ್ಸಾಹದಲ್ಲಿ ನಾನೂ ಒಮ್ಮೆ ಕೆಂಪು ಫಿಲ್ಟರ್ ಹೊಂದಿಸಿಕೊಂಡು ಮಾಗಡಿಯ ಸಾವನದುರ್ಗಕ್ಕೆ ಹೋಗಿದ್ದೆ. ಏಕಶಿಲೆ ಎಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಸಾವನದುರ್ಗ, ಇಲ್ಲವೇ ಮಧುಗಿರಿ. ಆಷಾಢದ ಗಾಳಿಯ ದಿನ ಅದು. ಬಂಡೆಯ ಹಿಂದೆ ತೆಳುಮೋಡ ಹರಡಿಕೊಂಡಿತ್ತು. ಮನೆಗೆ ಬಂದು ಫಿಲ್ಮು ತೊಳೆದು ನೋಡಿದರೆ ಆಕಾಶ ಹಾಲು ಚೆಲ್ಲಿದ ಹಾಗೆ ಬೆಳ್ಳಗಿದೆ, ಬಂಡೆ ಅದರ ಮುಂದೆ ಮಂಕಾಗಿ ಕೂತಿದೆ. ಮೋಡದ ಬೆಳಕು ಬಿಳಿ. ಅದರಲ್ಲಿ ಕೆಂಪೂ ಇರುತ್ತದೆ. ಅದಕ್ಕೆ ಕೆಂಪು ಗಾಜು ಏನೂ ಮಾಡಲಾರದು. ಯಜಮಾನರು ಆ ಪ್ರಿಂಟನ್ನು ನೋಡಿ, ‘ಫಿಲ್ಟರ್ ತಗೊಂಡು ಹೋಗಿದ್ದೆ, ಆಕಾಶ ನೋಡದೆ ಹೋಗಿದ್ದೆ ಕಣಪ್ಪಾ’ ಎಂದರು. ಆ ಮಾತು ನನ್ನಲ್ಲಿ ಉಳಿದಿದೆ. ಯೊಸೆಮಿಟಿಯ ಆ ಕಪ್ಪನ್ನು ಆಡಮ್ಸ್ ಅವರು ಡಬ್ಬದಿಂದ ತೆಗೆದು ಬಳಿದವರಲ್ಲ. ಅಂದಿನ ಆ ಗಾಳಿಯಲ್ಲಿ, ಆ ಎತ್ತರದಲ್ಲಿ, ಆ ಗಳಿಗೆಯಲ್ಲಿ ಅದು ಆಗುವಂತಿತ್ತು. ಆಗುವಂತಿದೆ ಎಂಬುದು ಅವರಿಗೆ ಕಂಡಿತು.

ಹಗಲಿನ ಆಕಾಶವನ್ನು ಕಪ್ಪಾಗಿ ತೋರಿಸುವುದು ಸುಳ್ಳಲ್ಲವೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಬಿಳುಪು ಆಕಾಶವೂ ನಿಜವಾದ ಆಕಾಶವಲ್ಲ, ಬೂದು ಆಕಾಶವೂ ಅಲ್ಲ. ಬಣ್ಣವನ್ನು ಬಿಟ್ಟುಕೊಟ್ಟ ಕ್ಷಣದಿಂದಲೇ ಛಾಯಾಗ್ರಾಹಕರ ಮುಂದೆ ಒಂದು ನಿರ್ಧಾರ ನಿಲ್ಲುತ್ತದೆ: ಈ ನೀಲಿಯನ್ನು ನಾನು ಎಷ್ಟು ಬೆಳ್ಳಗೆ ಅಥವಾ ಎಷ್ಟು ಕಪ್ಪಾಗಿ ಹೇಳಲಿ? ಹಳದಿ ಫಿಲ್ಟರಿನವರು ಆ ನಿರ್ಧಾರವನ್ನು ರೂಢಿಗೆ ಒಪ್ಪಿಸುತ್ತಾರೆ. ಆಡಮ್ಸ್ ಅವರು ಅಂದು ಅದನ್ನು ತಾವೇ ತೆಗೆದುಕೊಂಡರು. ಕ್ಯಾಮೆರಾದ ಕಣ್ಣು ತೆರೆಯುವ ಮೊದಲೇ ಮುಗಿದ ಪ್ರಿಂಟನ್ನು ಮನಸ್ಸಿನಲ್ಲಿ ಕಾಣುವ ಈ ಅಭ್ಯಾಸಕ್ಕೆ ಅವರು ಮುಂದೆ ‘ವಿಷುವಲೈಸೇಶನ್’ ಎಂಬ ಹೆಸರಿಟ್ಟರು. ತಮಗೆ ಅದು ಮೊದಲ ಬಾರಿ ಪೂರ್ತಿಯಾಗಿ ಕೈಗೂಡಿದ್ದು ಈ ಚಿತ್ರದಲ್ಲಿ ಎಂದು ಹೇಳಿಕೊಂಡರು. 1940ರ ಸುಮಾರಿಗೆ ಫ್ರೆಡ್ ಆರ್ಚರ್ ಅವರ ಜೊತೆಗೂಡಿ ಅವರು ರೂಪಿಸಿದ ‘ಜೋನ್ ಸಿಸ್ಟಮ್’, ಅಂದರೆ ಕಡುಗಪ್ಪಿನಿಂದ ಅಚ್ಚಬಿಳಿಯವರೆಗಿನ ದಾರಿಯನ್ನು ಮೆಟ್ಟಿಲು ಮೆಟ್ಟಿಲಾಗಿ ವಿಂಗಡಿಸಿ, ದೃಶ್ಯದ ಯಾವ ಭಾಗ ಯಾವ ಮೆಟ್ಟಿಲಿನ ಮೇಲೆ ಕೂರಬೇಕೆಂದು ಮೊದಲೇ ಗೊತ್ತುಮಾಡುವ ಪದ್ಧತಿಗೂ ಬೇರು ಇದೇ ಯೋಚನೆಯಲ್ಲಿದೆ.

ಅವರು ಪಿಯಾನೋ ವಾದಕರಾಗಬೇಕೆಂದು ವರ್ಷಗಟ್ಟಲೆ ಸಾಧನೆ ಮಾಡಿದವರು. ನೆಗೆಟಿವ್ ಎಂದರೆ ಬರೆದಿಟ್ಟ ಸ್ವರಲಿಪಿ, ಪ್ರಿಂಟ್ ಎಂದರೆ ಕಛೇರಿ ಎಂಬರ್ಥದ ಅವರ ಮಾತು ಪ್ರಸಿದ್ಧವಾಗಿದೆ. ಒಂದೇ ಕೃತಿಯನ್ನು ಒಬ್ಬರೇ ಹಾಡುಗಾರರು ಇಪ್ಪತ್ತರ ಹರೆಯದಲ್ಲಿ ಒಂದು ಬಗೆಯಲ್ಲಿ, ಎಪ್ಪತ್ತರಲ್ಲಿ ಇನ್ನೊಂದು ಬಗೆಯಲ್ಲಿ ಹಾಡುವುದನ್ನು ಕೇಳಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಏಕಶಿಲೆಯ ಮೊದಲ ಪ್ರಿಂಟುಗಳು ಚಿಕ್ಕವು, ಮೃದುವಾದವು. ವಯಸ್ಸಾದ ಮೇಲೆ ಅವರೇ ಮಾಡಿದ ದೊಡ್ಡ ಪ್ರಿಂಟುಗಳಲ್ಲಿ ಕಪ್ಪು ಇನ್ನೂ ಗಟ್ಟಿಯಾಗಿದೆ, ಹಿಮ ಇನ್ನೂ ಹೊಳೆಯುತ್ತದೆ. ನನಗೆ ಮೊದಲಿನ ಮೃದುತನವೇ ಹೆಚ್ಚು ಪ್ರಿಯ. ಅದರಲ್ಲಿ ಬಂಡೆಯ ಎದುರು ಬೆರಗಾಗಿ ನಿಂತ ಹುಡುಗ ಕಾಣುತ್ತಾರೆ. 1927ರಲ್ಲೇ ಈ ಚಿತ್ರವೂ ಸೇರಿದಂತೆ ಅವರ 18 ಚಿತ್ರಗಳ ಸಂಪುಟವೊಂದು ಆಲ್ಬರ್ಟ್ ಬೆಂಡರ್ ಎಂಬ ಕಲಾಪೋಷಕರ ನೆರವಿನಿಂದ ಹೊರಬಂದಿತು. ಫೋಟೋ ಎಂದರೆ ಕಲೆಯಲ್ಲ ಎಂಬ ಭಾವನೆ ಎಷ್ಟು ಬಲವಾಗಿತ್ತೆಂದರೆ, ಸಂಪುಟದ ಹೆಸರಿನಲ್ಲಿ ಆ ಪದ ಬರಬಾರದೆಂದು ‘ಪಾರ್ಮೇಲಿಯನ್ ಪ್ರಿಂಟ್ಸ್’ ಎಂಬ, ಯಾವ ನಿಘಂಟಿನಲ್ಲೂ ಇಲ್ಲದ ಹೆಸರನ್ನು ಹುಟ್ಟಿಸಿದರು. ಆಡಮ್ಸ್ ಅವರಿಗೆ ಮುಂದೆ ಅದರ ಬಗ್ಗೆ ಸಂಕೋಚವಿತ್ತು.

ಈ ಚಿತ್ರದ ಬಗ್ಗೆ ಒಂದು ಮಾತನ್ನು ಹೇಳದೆ ಹೋದರೆ ನನ್ನ ಮನಸ್ಸಿಗೆ ಸಮಾಧಾನವಾಗದು. ಆ ಬೆಟ್ಟಗಳನ್ನು ಕಾಡುಬೆಟ್ಟಗಳು, ಮನುಷ್ಯರ ಸೋಂಕಿಲ್ಲದ ನಾಡು ಎಂದು ಹೊಗಳುವುದು ವಾಡಿಕೆ. ಚಿತ್ರದಲ್ಲಿಯೂ ಯಾರೂ ಇಲ್ಲ. ಆದರೆ ಆ ಕಣಿವೆ ಅವಾನೀಚಿ ಎಂಬ ಮೂಲನಿವಾಸಿ ಜನರ ಮನೆಯಾಗಿತ್ತು. 1851ರಲ್ಲಿ ಶಸ್ತ್ರಧಾರಿ ಪಡೆಯೊಂದು ಒಳನುಗ್ಗಿ ಅವರ ಹಳ್ಳಿಗಳನ್ನು ಸುಟ್ಟು ಅವರನ್ನು ಹೊರಗಟ್ಟಿತು. ಆ ಜನ ಈ ಬಂಡೆಯನ್ನು ಟಿಸ್ಸಿಯಾಕ್ ಎಂದು ಕರೆಯುತ್ತಾರೆ. ಅವಳೊಬ್ಬ ಹೆಂಗಸು, ಕಲ್ಲಾಗಿ ನಿಂತವಳು. ಗೋಡೆಯ ಮೇಲೆ ಇಳಿದಿರುವ ಕಪ್ಪು ಪಟ್ಟೆಗಳು ಅವಳ ಕಣ್ಣೀರಿನ ಕಲೆಗಳು ಎಂಬ ಕಥೆಯಿದೆ. ಈ ಕಥೆ ತಿಳಿದ ಮೇಲೆ ಚಿತ್ರ ನನಗೆ ಬದಲಾಯಿತು. ಹಿಂದೆ ನೀರಿನ ಗುರುತಾಗಿ, ಕಲ್ಲಹೂವಿನ ಗುರುತಾಗಿ ಕಂಡಿದ್ದ ಆ ಗೆರೆಗಳ ಮೇಲೆ ಈಗ ಕಣ್ಣು ನಿಧಾನವಾಗಿ ಇಳಿಯುತ್ತದೆ. ಹೆಸರಿನಲ್ಲಿರುವ ‘ಮುಖ’ ಎಂಬ ಪದವೂ ಬೇರೆ ಅರ್ಥದಲ್ಲಿ ಕೇಳಿಸುತ್ತದೆ.

ಆಡಮ್ಸ್ ಅವರು 1984ರಲ್ಲಿ ತೀರಿಕೊಂಡರು. ತಾವು 14 ವರ್ಷದ ಹುಡುಗನಾಗಿ ಡಬ್ಬಿ ಕ್ಯಾಮೆರಾ ಹಿಡಿದು ಮೊದಲು ಕಂಡ ಆ ಕಣಿವೆಗೆ ಜೀವನದುದ್ದಕ್ಕೂ ಮರಳುತ್ತಲೇ ಇದ್ದರು, ನೂರಾರು ಚಿತ್ರಗಳನ್ನು ತೆಗೆದರು. ಅವರ ಚಿತ್ರಗಳು ಕಿಂಗ್ಸ್ ಕ್ಯಾನಿಯನ್ ರಾಷ್ಟ್ರೀಯ ಉದ್ಯಾನಕ್ಕಾಗಿ ನಡೆದ ಹೋರಾಟದಲ್ಲಿ ಕೆಲಸಕ್ಕೆ ಬಂದವು. 1940ರಲ್ಲಿ ಆ ಉದ್ಯಾನ ಅಸ್ತಿತ್ವಕ್ಕೆ ಬಂದಿತು.

ಆದರೆ ನನ್ನ ಮನಸ್ಸು ಹೋಗಿ ನಿಲ್ಲುವುದು ಆ ಏಪ್ರಿಲ್ 10ರ ಕೊನೆಗೆ. ಹಿಮದ ಇಳಿಜಾರಿನಲ್ಲಿ ಕಾಲು ಜಾರದಂತೆ, ಗಾಜು ಒಡೆಯದಂತೆ ಇಳಿದುಬಂದು, ಕತ್ತಲೆಯಲ್ಲಿ ಆ ಕೊನೆಯ ಪ್ಲೇಟನ್ನು ತೊಳೆದು, ಹೈಪೋದಿಂದ ಮೇಲೆತ್ತಿದಾಗ ಆದ ಸಂತೋಷವನ್ನು ಅವರು ಬದುಕಿನ ಕೊನೆಯವರೆಗೂ ಮರೆಯಲಿಲ್ಲ. ನೆಗೆಟಿವ್ ಓದಲು ಕಲಿತವನಾದ್ದರಿಂದ ಆ ಪ್ಲೇಟನ್ನು ನಾನು ಕಲ್ಪಿಸಿಕೊಳ್ಳಬಲ್ಲೆ. ತುದಿಯಿಂದ ನೀರು ತೊಟ್ಟಿಕ್ಕುತ್ತಿದೆ. ಬೆಳಕಿಗೆ ಹಿಡಿದಿದ್ದಾರೆ. ಬುಡದ ಹಿಮ ಕಲ್ಲಿದ್ದಲಿನಷ್ಟು ದಟ್ಟವಾಗಿದೆ, ಬಿಸಿಲು ಬಿದ್ದ ಬಂಡೆ ಬೂದುಬೂದಾಗಿ ತಲೆಕೆಳಗಾದ ಬೆಳಕಿನಲ್ಲಿ ನಿಂತಿದೆ. ಆಕಾಶವಿದ್ದ ಜಾಗದಲ್ಲಿ ಮಾತ್ರ ಹೆಚ್ಚೇನೂ ಇಲ್ಲ, ಅಲ್ಲಿ ಬರಿಯ ಗಾಜು. ಅದರಾಚೆ ಕೋಣೆಯ ದೀಪ ಕಾಣುತ್ತಿದೆ.

ನಮಸ್ಕಾರ.